ಬ್ಲೈನ್ ಕುಮ್ ಸ್ಟೇಷನ್ನಿನ ಹಿತ್ತಲು

ಹ್ಯಾರೋ

ಲಂಡನ್ನಿನಿಂದ ಬಂದ ಮೇಲೆ ಧಾರವಾಡದಲ್ಲಿ ಸಿಕ್ಕವರೆಲ್ಲ ಅರಮನೆ ನೋಡಿದಿರಾ, ಆ ದೊಡ್ಡ ಗಡಿಯಾರ ನೋಡಿದಿರಾ ಎಂದು ಕೇಳುತ್ತಾರೆ. ನೋಡಿದೆ. ಅರಮನೆಯ ಮುಂದೆ ಜನ ಬಹಳ ಇದ್ದರು. ಗಡಿಯಾರ ಸರಿಯಾದ ಹೊತ್ತು ತೋರಿಸುತ್ತಿತ್ತು. ಅದಕ್ಕಿಂತ ಹೆಚ್ಚು ಹೇಳಲು ನನ್ನ ಬಳಿ ಏನೂ ಇಲ್ಲ. ಆದರೆ ವೇಲ್ಸ್ ದೇಶದ ಒಂದು ಸಣ್ಣ ರೈಲು ಮಾರ್ಗದ ಬಗ್ಗೆ ಕೇಳಿದರೆ ನಿಲ್ದಾಣ ನಿಲ್ದಾಣವಾಗಿ ಹೇಳಬಲ್ಲೆ. ಆ ಮಾರ್ಗ ಮುಚ್ಚಿ ಹೆಚ್ಚು ಕಡಿಮೆ ನನ್ನ ವಯಸ್ಸಿನಷ್ಟು ಕಾಲವಾಗಿದೆ. ನಾನು ವೇಲ್ಸಿಗೆ ಕಾಲಿಟ್ಟವನೂ ಅಲ್ಲ. ಅದನ್ನು ನೋಡಿದ್ದು ಹ್ಯಾರೋದಲ್ಲಿ, ಪಕ್ಕದ ಮನೆಯ ಗ್ಯಾರೇಜಿನಲ್ಲಿ.

ನಾನು ಕೋರ್ಟಿನಲ್ಲಿ ಸ್ಟೆನೋ ಆಗಿದ್ದವನು. ಸಾಕ್ಷಿ ಹೇಳಿದ್ದನ್ನು ಕೂಡಿಸದೆ ಕಳೆಯದೆ ಬರೆದುಕೊಳ್ಳುವುದೇ ನನ್ನ ಅನ್ನವಾಗಿತ್ತು. ಇಲ್ಲಿಯೂ ಕಂಡದ್ದನ್ನಷ್ಟೇ ಬರೆಯುತ್ತೇನೆ.  

ಜೊತೆಗಿದ್ದವಳು ನನ್ನ ಅಕ್ಕ, ಗಿರಿಜಕ್ಕ. ಆಕೆಯ ಮಗಳು ವಿದ್ಯಾಳ ಮನೆ ಹ್ಯಾರೋದಲ್ಲಿದೆ. ಅಲ್ಲಿ ಮನೆಗಳು ಜೋಡಿ ಜೋಡಿಯಾಗಿ ಅಂಟಿಕೊಂಡಿರುತ್ತವೆ. ಎರಡು ಮನೆ, ಎರಡು ಬಾಗಿಲು, ನಡುವೆ ಒಂದೇ ಗೋಡೆ. ಅಕ್ಕ ಕಾರಿನಿಂದ ಇಳಿದವಳೇ ಅದನ್ನು ನೋಡಿ, "ಅಣ್ತಮ್ಮರು ಜಗಳಾಡಿ ಪಾಲಾಗ್ಯಾರೇನ ಇವರು?" ಎಂದಳು.

ಬಂದ ಎರಡನೆಯ ದಿನ, ಚಹಾದ ಹೊತ್ತಿಗೆ, ಅಕ್ಕ ಕಪ್ಪು ಕೆಳಗಿಟ್ಟಳು.

"ಬಸು, ಗ್ವಾಡ್ಯಾಗ ರೈಲ ಕೂಗಿತಲ್ಲೋ."

ನಾನು ವಿದ್ಯಾಳ ಮುಖ ನೋಡಿದೆ. ಇಷ್ಟು ದೂರದ ವಿಮಾನ ಪ್ರಯಾಣ ವಯಸ್ಸಾದವರ ತಲೆಗೆ ಏನು ಮಾಡುತ್ತದೆ ಎಂದು ಕೇಳುವವನಿದ್ದೆ. ಅಷ್ಟರಲ್ಲಿ ಗೋಡೆ ಮತ್ತೊಮ್ಮೆ ಕೂಗಿತು. ಈ ಸಲ ನನಗೂ ಕೇಳಿಸಿತು.

"ಅದು ಗ್ವಿಲಿಮ್ ಅಂಕಲ್, ಮಾಮಾ," ಎಂದಳು ವಿದ್ಯಾ. "ಅವರ ಗ್ಯಾರೇಜಿನಾಗ ರೈಲ್ವೆ ಐತಿ."

ಗ್ಯಾರೇಜು

ಇಂಗ್ಲೆಂಡಿನಲ್ಲಿ ಪಕ್ಕದ ಮನೆಗೆ ಹೋಗಬೇಕಾದರೆ ಅವರು ಕರೆಯಬೇಕು. ಕರೆಯುವುದಕ್ಕೆ ಮೊದಲು ಇಬ್ಬರೂ ಬೇಲಿಯ ಬಳಿ ನಿಂತು ಮಳೆಯ ಬಗ್ಗೆ ಬಹಳ ಕಾಲ ಮಾತಾಡಿರಬೇಕು. ವಿದ್ಯಾ ಇದನ್ನು ಬಿಡಿಸಿ ಹೇಳುತ್ತಿರುವಾಗಲೇ ಅಕ್ಕ ಚುರುಮುರಿಯ ಗಿರಮಿಟ್ ಕಲಸಿ, ತಟ್ಟೆಗೆ ಹಾಕಿ, ಮೇಲೊಂದು ಹಸಿಮೆಣಸಿನಕಾಯಿ ಇಟ್ಟು, ಚಪ್ಪಲಿ ಮೆಟ್ಟಿ ಹೊರಗೆ ನಡೆದಾಗಿತ್ತು. ನಾನು ಹಿಂದೆ ಓಡಿದೆ, ನನ್ನ ಹಿಂದೆ ವಿದ್ಯಾ.

ಗ್ವಿಲಿಮ್ ಎತ್ತರದ ಮನುಷ್ಯ. ಎಪ್ಪತ್ತು ದಾಟಿರಬೇಕು. ಸ್ವೆಟರಿನ ಮೊಳಕೈಯಲ್ಲಿ ತೂತು. ಅವರು ತಟ್ಟೆ ತೆಗೆದುಕೊಂಡು, ಮೇಲಿರುವುದನ್ನು ಮೊದಲು ತಿನ್ನುವುದು ಮರ್ಯಾದೆ ಎಂದು ತಿಳಿದು, ಮೆಣಸಿನಕಾಯಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡರು. ಅಗಿದರು. ಮುಖ ಕೆಂಪಾಯಿತು, ಕಣ್ಣಿನಿಂದ ನೀರು ಇಳಿಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು, "ಇಂಟರೆಸ್ಟಿಂಗ್," ಎಂದರು. ಆ ಜನ ಈ ಪದವನ್ನು ಯಾವಾಗ ಬಳಸುತ್ತಾರೆ ಎಂಬುದು ನನಗೆ ಅಂದೇ ತಿಳಿಯಿತು.

ಅಕ್ಕನ ಬಾಯಲ್ಲಿ ಅವರು ಆ ದಿನವೇ ಗೂಳಪ್ಪನವರಾದರು. ಅಕ್ಕನಿಗೆ ಇಂಗ್ಲಿಷು ಬಾರದು, ಅವರಿಗೆ ಕನ್ನಡ ಬಾರದು, ಮತ್ತು ಇದು ಇಬ್ಬರಿಗೂ ಗಮನಕ್ಕೆ ಬಂದಂತೆ ಕಾಣಲಿಲ್ಲ.

ಹ್ಯಾರೋದಲ್ಲಿ ಗ್ಯಾರೇಜಿನೊಳಗೆ ಯಾರೂ ಕಾರು ಇಡುವುದಿಲ್ಲ. ಕಾರು ಹೊರಗೆ ಮಳೆಯಲ್ಲಿ ನೆನೆಯುತ್ತಿರುತ್ತದೆ. ಒಳಗೆ ಹಳೆಯ ಹಾಸಿಗೆ, ಮುರಿದ ಸೈಕಲ್ಲು ಬೆಚ್ಚಗಿರುತ್ತವೆ. ನಮ್ಮಲ್ಲಿ ಸ್ಕೂಟರನ್ನು ನಡುಮನೆಯಲ್ಲಿ ಮಂಚದ ಪಕ್ಕ ಮಲಗಿಸುತ್ತೇವೆ. ಗ್ವಿಲಿಮ್ ಗ್ಯಾರೇಜಿನ ದೀಪ ಹಾಕಿದರು. ಮೂರು ಗೋಡೆಗಳಿಗೂ ತಾಗಿಸಿ, ಸೊಂಟದ ಎತ್ತರದ ಹಲಗೆಗಳ ಮೇಲೆ, ಗುಡ್ಡ, ಹಳ್ಳ, ಕುರಿ, ಕಲ್ಲಿನ ಬೇಲಿ ಎಲ್ಲವೂ ಇದ್ದ ಒಂದು ಕೊಳ್ಳ. ಕೊಳ್ಳದ ಉದ್ದಕ್ಕೂ ಕಡ್ಡಿಯಷ್ಟು ತೆಳ್ಳಗಿನ ಹಳಿ. ಹಳಿಯ ಮೇಲೆ ಅಂಗೈಯಲ್ಲಿ ಹಿಡಿಯುವಷ್ಟು ಹಸಿರು ಎಂಜಿನ್ನು. ಅಕ್ಕ ಎರಡೂ ಕೈ ಗಲ್ಲಕ್ಕೆ ಹಚ್ಚಿ ನಿಂತಳು.

ಅವರು ಹೇಳಿದ್ದು ಇದು. ಮುಖ್ಯ ಮಾರ್ಗದಿಂದ ಕವಲೊಡೆದು ಕೊಳ್ಳ ಹತ್ತುವ ಆ ಲೈನಿಗೆ ಮೂರು ಸ್ಟೇಷನ್ನು. ಪಾಂಟ್ ಗೋಖ್ ಎಂದರೆ ಕೆಂಪು ಸೇತುವೆ. ನಾಂಟ್ ದೀ ಎಂದರೆ ಕರಿಹಳ್ಳ. ಕೊನೆಯದು ಬ್ಲೈನ್ ಕುಮ್, ಕೊಳ್ಳದ ತುದಿ. ನಾನು ಅರ್ಥ ಹೇಳುತ್ತಿದ್ದಂತೆ ಅಕ್ಕ, "ಕರಿಹಳ್ಳ ನಮ್ಮವ್ವನ ತವರಮನಿ ಕಡೆ ಐತಿ. ಅಲ್ಲಿ ಇನ್ನೂ ಸ್ಟೇಷನ್ ಬಂದಿಲ್ಲ ಅಂತ ಹೇಳು," ಎಂದಳು. ಹೇಳಿದೆ. ಗ್ವಿಲಿಮ್ ಮರುಕದಿಂದ ತಲೆದೂಗಿದರು.

ಮೇಲಿನ ಗುಡ್ಡದಲ್ಲಿ ಕಲ್ಲಿನ ಗಣಿ ಇತ್ತು. ಗಾಡಿ ಕಲ್ಲು ಇಳಿಸುತ್ತಿತ್ತು, ಉಣ್ಣೆ ಇಳಿಸುತ್ತಿತ್ತು, ಬೆಳಗ್ಗೆ ಹಾಲಿನ ಕ್ಯಾನುಗಳನ್ನೂ ಶಾಲೆಯ ಮಕ್ಕಳನ್ನೂ ಒಟ್ಟಿಗೆ ಇಳಿಸುತ್ತಿತ್ತು. ನಾಂಟ್ ದೀಯಲ್ಲಿ ಇಳಿಯುವವರಿಲ್ಲದಿದ್ದರೂ ಡ್ರೈವರು ನಿಲ್ಲಿಸುತ್ತಿದ್ದ, ಅಲ್ಲಿ ಒಬ್ಬ ಮುದುಕಿ ಅವನಿಗೆ ಮೊಟ್ಟೆ ಕೊಡುತ್ತಿದ್ದಳು. ಆಮೇಲೆ ಬಸ್ಸು ಬಂತು. ಗಣಿ ನಿಂತಿತು. ಒಂದು ದಿನ ಇದೇ ಕೊನೆಯ ಗಾಡಿ ಎಂದರು. ಎಂದೂ ಟಿಕೇಟು ಕೊಳ್ಳದವರೆಲ್ಲ ಅಂದು ಟಿಕೇಟು ಕೊಂಡು ಹತ್ತಿ ಅತ್ತರಂತೆ. ಹಳಿ ಕಿತ್ತು ಗುಜರಿಗೆ ಹಾಕಿದರು. ಪಾಂಟ್ ಗೋಖ್ ಈಗ ಯಾರದೋ ಮನೆ, ಪ್ಲಾಟ್‌ಫಾರ್ಮಿನ ಮೇಲೆ ಕಾರು ನಿಲ್ಲಿಸುತ್ತಾರೆ. ನಾಂಟ್ ದೀಯಲ್ಲಿ ಕುರಿಗಳಿವೆ. ಬ್ಲೈನ್ ಕುಮ್‌ನ ಮಾಡು ಬಿದ್ದಿದೆ.

ಬ್ಲೈನ್ ಕುಮ್‌ನ ಕೊನೆಯ ಸ್ಟೇಷನ್ ಮಾಸ್ತರು ಗ್ವಿಲಿಮ್ ಅವರ ತಂದೆ. ಲೈನು ಮುಚ್ಚಿದ ಮೇಲೆ ಅವರಿಗೆ ಲಂಡನ್ನಿನ ಒಂದು ದೊಡ್ಡ ಸ್ಟೇಷನ್ನಿನಲ್ಲಿ ಕೆಲಸ ಕೊಟ್ಟರು. ಅಲ್ಲಿ ಅವರು ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಯಾರೂ ಗೊತ್ತಾಗಲಿಲ್ಲ. ಮನೆಯಲ್ಲಿ ವೆಲ್ಷ್ ಮಾತಾಡುತ್ತಿದ್ದರು. "ನನ್ನ ಮಕ್ಕಳಿಗೆ ಅರ್ಥವಾಗುತ್ತದೆ," ಎಂದರು ಗ್ವಿಲಿಮ್, "ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ." ಇದನ್ನು ನಾನು ಕನ್ನಡಕ್ಕೆ ತಿರುಗಿಸಿದಾಗ ವಿದ್ಯಾ ಗೋಡೆಯ ಕಡೆ ನೋಡಿದಳು. ಆಕೆಯ ಮಕ್ಕಳೂ ಹಾಗೆಯೇ.

ಕೊನೆಯ ಸ್ಟೇಷನ್ನಿನ ಕಟ್ಟಡ ಗೋಡೆಗೆ ಬೆನ್ನು ಹಾಕಿ ನಿಂತಿತ್ತು. ಅದರ ಹಿಂದೆ ಏನೋ ಕಟ್ಟಿದಂತೆ ಕಂಡಿತು. ಏನೆಂದು ಕೇಳಿದೆ.

"ಹಿತ್ತಲು."

"ಗೋಡೆಗೆ ಮುಖ ಮಾಡಿದೆಯಲ್ಲ, ಯಾರಿಗೂ ಕಾಣುವುದಿಲ್ಲ."

"ಕಾಣುವುದಿಲ್ಲ," ಎಂದು ಒಪ್ಪಿಕೊಂಡರು. "ಆದರೆ ನಾವು ಇದ್ದದ್ದು ಅಲ್ಲಿ."

ಆಮೇಲೆ ತಡೆದು ತಡೆದು ಉಳಿದದ್ದು ಹೇಳಿದರು. ಅವರಿಗೊಬ್ಬ ಅಕ್ಕ ಇದ್ದಾಳೆ, ಮೇಗನ್. ಲೈನು ಮುಚ್ಚಿದಾಗ ಆಕೆಗೆ ಹನ್ನೆರಡು, ಇವರಿಗೆ ಐದು. ಇದನ್ನೆಲ್ಲ ಕಣ್ಣಾರೆ ಕಂಡವರಲ್ಲಿ ಇವರ ಪಾಲಿಗೆ ಉಳಿದವಳು ಆಕೆಯೊಬ್ಬಳೇ. ಆಕೆ ಈ ಗ್ಯಾರೇಜಿಗೆ ಎಂದೂ ಬಂದಿಲ್ಲ. ಐದು ವರ್ಷದ ಹುಡುಗನಿಗೆ ಏನು ನೆನಪಿರುತ್ತದೆ, ಪುಸ್ತಕದ ಫೋಟೋ ನೋಡಿ ಮಾಡಿರುತ್ತಾನೆ ಎನ್ನುತ್ತಾಳೆ. ಈ ಭಾನುವಾರ ಗ್ರೀನ್‌ಫರ್ಡಿನ ಸಭಾಂಗಣದಲ್ಲಿ ಇಂಥ ಆಟದ ರೈಲುಗಳ ಪ್ರದರ್ಶನವಿದೆ. ಅಲ್ಲಿಗೆ ಮಾತ್ರ ಬರುತ್ತೇನೆಂದು ಒಪ್ಪಿದ್ದಾಳೆ.

"ಹೌದು, ಇದೇ ನಮ್ಮ ಸ್ಟೇಷನ್ನು ಅಂತ ಅವಳು ಒಂದು ಸಲ ಅಂದರೆ ಸಾಕು," ಎಂದರು. "ಅನ್ನದಿದ್ದರೆ ಇದು ಬರೀ ಹಲಗೆ, ಅಂಟು."

ಅಕ್ಕನಿಗೆ ಹೇಳಿದೆ. "ಅಕ್ಕಂದಿರು ಹಂಗ ಲಗೂನ ಹೌದು ಅನ್ನೂದಿಲ್ಲ," ಎಂದಳು ನನ್ನ ಅಕ್ಕ.

ಖಂಡೇಪೂಜೆ

ಭಾನುವಾರದ ಹಿಂದಿನ ದಿನವೇ ಮಹಾನವಮಿ ಬಂತು. ಅಂದು ನಮ್ಮ ಕಡೆ ಖಂಡೇಪೂಜೆ. ಕೊಡಲಿಯಿಂದ ಲಾರಿಯವರೆಗೆ ಏನು ಇದ್ದರೂ ಅದಕ್ಕೆ ವಿಭೂತಿ, ಹೂವು, ನೈವೇದ್ಯ. ಬೆಳಗ್ಗೆ ವಿದ್ಯಾಳ ಕಾರಿನ ಪೂಜೆಯಾಯಿತು. ಬೂದುಗುಂಬಳ ಅಲ್ಲಿಯ ಅಂಗಡಿಯಲ್ಲೇ ಸಿಕ್ಕಿತು. ರಸ್ತೆಯಲ್ಲಿ ಒಡೆದರೆ ಕೌನ್ಸಿಲಿನವರು ಬರುತ್ತಾರೆಂದು ವಿದ್ಯಾ ಹೆದರಿದ್ದರಿಂದ ಅದನ್ನು ಬಕೆಟಿನೊಳಗೆ ಒಡೆದೆವು. ಕಾರು ನಿಂಬೆಹಣ್ಣಿನ ಮೇಲೆ ಚಪ್ ಎಂದು ಹತ್ತಿ ಇಳಿಯಿತು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿ, "ಲವ್ಲಿ," ಎಂದು ಮುಂದೆ ಹೋದಳು.

ಅಕ್ಕ ಆರತಿಯ ತಟ್ಟೆ ಕೆಳಗಿಡಲಿಲ್ಲ.

"ಗೂಳಪ್ಪನವರ ಗಾಡಿ ನಾಳೆ ಊರಿಗೆ ಹೊಂಟೈತಿ. ಪೂಜಿ ಇಲ್ಲದ ಹೆಂಗ ಹೊಂಡತೈತಿ?"

ಗ್ವಿಲಿಮ್ ಬಹಳ ಸಂತೋಷದಿಂದ ಗ್ಯಾರೇಜು ತೆರೆದರು. ಇದನ್ನು ನಾನು ಒತ್ತಿ ಹೇಳುತ್ತೇನೆ. ನಾವು ನುಗ್ಗಲಿಲ್ಲ.

ಎಂಜಿನ್ನು ಬ್ಲೈನ್ ಕುಮ್‌ನ ಹೊರಗೆ ನಿಂತಿತ್ತು. ಅಕ್ಕ ಬೆಂಕಿಕಡ್ಡಿಯ ತುದಿಯಿಂದ ಅದರ ಹಣೆಗೆ ಮೂರೆಳೆ ವಿಭೂತಿ ಎಳೆದಳು. ದಾರದಲ್ಲಿ ಒಂದೇ ಚೆಂಡುಹೂ ಕಟ್ಟಿ ಕೊರಳಿಗೆ ಹಾಕಿದಳು. ಎಂಜಿನ್ನು ಹೂವಿನ ಹಿಂದೆ ಮರೆಯಾಯಿತು. ಅಲ್ಲಿಯವರೆಗೆ ಎಲ್ಲವೂ ಅಳತೆಯಲ್ಲಿತ್ತು. ಆಮೇಲೆ, "ಹಳಿ ಇಲ್ಲದ ಗಾಡಿ ಎಲ್ಲಿ ಹೋದೀತು?" ಎಂದು ತುಪ್ಪದಲ್ಲಿ ಕಲಸಿದ ಅರಿಷಿಣ ಕುಂಕುಮವನ್ನು ನಾಲ್ಕೂ ಬೆರಳಿನಿಂದ ಅಲ್ಲಿಯ ಹಳಿಗೆ ಉದ್ದಕ್ಕೂ ಹಚ್ಚಿದಳು. ಹಳಿ ಹೊಳೆಯಿತು. ನನ್ನ ಕಣ್ಣಿಗೆ ಅದು ಮಂಗಳಕರವಾಗಿಯೇ ಕಂಡಿತು.

ತೊಡಕಾದದ್ದು ನಿಂಬೆಹಣ್ಣಿನದು. ನಿಂಬೆಹಣ್ಣು ಎಂಜಿನ್ನಿನಷ್ಟೇ ದೊಡ್ಡದಿತ್ತು. ಅಕ್ಕ ಅಡುಗೆಮನೆಗೆ ಹೋಗಿ ಎರಡು ದ್ರಾಕ್ಷಿ ತಂದಳು. ಗ್ವಿಲಿಮ್ ಕರೆಂಟಿನ ಗುಂಡಿ ತಿರುಗಿಸಿದರು. ಎಂಜಿನ್ನು ದ್ರಾಕ್ಷಿಯ ಮೇಲೆ ಹತ್ತಿ, ಯೋಚಿಸಿ, ಪಕ್ಕಕ್ಕೆ ಉರುಳಿ ಹಳ್ಳಕ್ಕೆ ಬಿತ್ತು.

"ಅಯ್ಯ ಶಿವನ!"

"ನಿಜವಾದ ಲೈನಿನಲ್ಲೂ ಒಮ್ಮೆ ಹೀಗಾಗಿತ್ತು," ಎಂದರು ಗ್ವಿಲಿಮ್, ಎಂಜಿನ್ನನ್ನು ಎತ್ತುತ್ತ. "ಆಗ ಕುರಿ ಅಡ್ಡ ಬಂದಿತ್ತು."

ಕೊನೆಗೆ ಫ್ರಿಜ್ಜಿನ ಹಸಿ ಬಟಾಣಿ ಒದಗಿತು. ಎಂಜಿನ್ನು ಎರಡೂ ಬಟಾಣಿಗಳನ್ನು ಮೆಟ್ಟಿ ನುಗ್ಗಿತು. ನಾವು ಚಪ್ಪಾಳೆ ತಟ್ಟಿದೆವು. ಅಕ್ಕ ಕರ್ಪೂರ ಹಚ್ಚಿದಳು. ಮಾಡಿನಲ್ಲಿದ್ದ ಹೊಗೆಯ ಅಲಾರಂ ಕಿವಿ ಹರಿಯುವಂತೆ ಬಡಿದುಕೊಳ್ಳತೊಡಗಿತು. ಗ್ವಿಲಿಮ್ ಟವೆಲ್ ಬೀಸಿದರು, ವಿದ್ಯಾ ಸ್ಟೂಲು ಹತ್ತಿದಳು, ನಾನು ಅಂಗಳಕ್ಕೆ ಓಡಿದೆ. ಅಲಾರಂ ನಿಂತಾಗ ಕರ್ಪೂರವೂ ಆರಿತ್ತು.

"ಸುತ್ತ ಹಾಕೂದು ಉಳೀತು," ಎಂದಳು ಅಕ್ಕ, ಗೋಡೆಗೆ ಅಂಟಿದ ಹಲಗೆಗಳನ್ನು ನೋಡುತ್ತ. "ಸುತ್ತಾಕ ಜಾಗಾನ ಇಲ್ಲ."

ಗ್ವಿಲಿಮ್, ಅಕ್ಕ ಹಣೆಗೆ ಹಚ್ಚಿದ ವಿಭೂತಿಯೊಂದಿಗೇ, ಅಂಗಡಿಗೆ ಹಾಲು ತರಲು ಹೋದರು.

ಗ್ರೀನ್‌ಫರ್ಡ್

ಗ್ರೀನ್‌ಫರ್ಡಿನಲ್ಲಿ ಗೋದಾಮುಗಳ ನಡುವೆ ಒಂದು ಸಭಾಂಗಣ. ಕೊಳ್ಳವನ್ನು ಬಿಡಿ ಹಲಗೆಗಳಾಗಿ ಕಳಚಿ ವ್ಯಾನಿನಲ್ಲಿ ಸಾಗಿಸಿದೆವು. ಎಂಜಿನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಅಕ್ಕನ ತೊಡೆಯ ಮೇಲೆ ಬಂತು. ಡಬ್ಬಿಗೂ ಸೇರಿಸಿ ಸೀಟ್‌ಬೆಲ್ಟು ಹಾಕಿಸಿಕೊಂಡಳು.

ಸಭಾಂಗಣದ ತುಂಬ ಮೇಜು, ಮೇಜಿನ ತುಂಬ ರೈಲು. ಸುತ್ತ ದೊಡ್ಡ ದೊಡ್ಡ ಗಂಡಸರು ಕಾಗದದ ಲೋಟದಲ್ಲಿ ಚಹಾ ಹಿಡಿದು ಬಗ್ಗಿ ನೋಡುತ್ತಿದ್ದರು, ತುಟಿಪಿಟಕ್ಕೆನ್ನದೆ. ಇಷ್ಟು ರೈಲುಗಳಿದ್ದೂ ಇಷ್ಟು ಮೌನ ಅಕ್ಕನಿಗೆ ಸಹಿಸಲಾಗಲಿಲ್ಲ. ಒಂದು ರೈಲು ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುತ್ತಲೇ, "ಚಾಯ್, ಚಾಯ್! ಗರಮ್ ಚಾಯ್!" ಎಂದು ನಮ್ಮ ಸ್ಟೇಷನ್ನಿನ ಗಂಟಲಿನಲ್ಲಿ ಕೂಗಿಬಿಟ್ಟಳು. ಸಭಾಂಗಣವೆಲ್ಲ ತಿರುಗಿತು. ವಿದ್ಯಾ ಮುಖ ಮುಚ್ಚಿಕೊಂಡಳು. ಒಬ್ಬ ಗಡ್ಡದವನು ಮಾತ್ರ ಗಂಭೀರವಾಗಿ, "ಸಕ್ಕರೆ ಎರಡು," ಎಂದ.

ನಮ್ಮ ಕೊಳ್ಳವನ್ನು ಸಭಾಂಗಣದ ನಟ್ಟನಡುವೆ ಜೋಡಿಸಿದರು. ಮುಂದೆ ನೋಡುವವರಿಗೆ ಹಗ್ಗ ಕಟ್ಟಿತ್ತು. ಹಗ್ಗದ ಆಚೆ, ಹಿಂಬದಿಯಲ್ಲಿ, ನಡೆಸುವವರು ಮಾತ್ರ ನಿಲ್ಲಬೇಕು. ಆ ದೇಶದಲ್ಲಿ ಕಟ್ಟಿದ ಹಗ್ಗವನ್ನು ಯಾರೂ ದಾಟುವುದಿಲ್ಲ.

ಮೇಗನ್ ಬಂದರು. ಸಣ್ಣ ಆಳು, ನೇರ ಬೆನ್ನು, ಕೈಯಲ್ಲಿ ಕೋಲು, ಎದೆಗವಚಿದ ಚೀಲ. ಆ ಅಕ್ಕ ತಮ್ಮ ಇಬ್ಬರೂ ಅಪ್ಪಿಕೊಳ್ಳಲಿಲ್ಲ. ಆಕೆ ತಮ್ಮನ ಮೊಳಕೈಯ ತೂತಿಗೆ ಬೆರಳು ತೂರಿಸಿ ತೋರಿಸಿದರು, ಅಷ್ಟೇ. ನನ್ನ ಅಕ್ಕ ಮೆಚ್ಚಿ ತಲೆ ಆಡಿಸಿದಳು.

ಮೇಗನ್ ಹಗ್ಗದ ಮುಂದೆ ನಿಂತು ಬ್ಲೈನ್ ಕುಮ್ ನೋಡಿದರು. ಅಲ್ಲಿಂದ ಕಾಣುವುದು ಹಳ್ಳ, ಹಳಿ, ಪ್ಲಾಟ್‌ಫಾರ್ಮು, ಕಟ್ಟಡದ ಮುಖ, ಹೆಸರಿನ ಹಲಗೆ. ಬಹಳ ಹೊತ್ತು ನೋಡಿದರು. 

"ಚೆನ್ನಾಗಿದೆ, ಗ್ವಿಲ್," ಎಂದರು ಮೇಗನ್ ಇಂಗ್ಲಿಷಿನಲ್ಲಿ. "ಪುಸ್ತಕದಲ್ಲಿ ಇರುವ ಹಾಗೆಯೇ ಇದೆ."

ನಾನು ಎಷ್ಟೋ ಹೇಳಿಕೆಗಳನ್ನು ಬರೆದುಕೊಂಡಿದ್ದೇನೆ. ಇಷ್ಟು ಮೆತ್ತಗಿನ ಮಾತು ಒಬ್ಬ ಮನುಷ್ಯನನ್ನು ಇಷ್ಟು ಕುಗ್ಗಿಸಿದ್ದನ್ನು ಕಂಡಿರಲಿಲ್ಲ. ಗ್ವಿಲಿಮ್ ಗುಂಡಿ ತಿರುಗಿಸಿದರು. ಗಾಡಿ ಪಾಂಟ್ ಗೋಖ್ ಬಿಟ್ಟಿತು. ನಾಂಟ್ ದೀಯಲ್ಲಿ ಮೊಟ್ಟೆಗೆಂದು ನಿಂತು ಹೊರಟಿತು. ತಿರುವು ದಾಟಿ ಬ್ಲೈನ್ ಕುಮ್‌ನ ಹೊರಗೆ ಬಂದು, ಒಮ್ಮೆ ಕುಲುಕಿ, ನಿಂತುಬಿಟ್ಟಿತು.

ಗುಂಡಿ ಇನ್ನಷ್ಟು ತಿರುಗಿಸಿದರು. ಊಹೂಂ. ಎಂಜಿನ್ನು ಎತ್ತಿ ತಿರುವಿ ನೋಡಿದರು. ಗಾಲಿಗಳು ಹಳದಿಯಾಗಿದ್ದವು. ಮೂಗಿಗೆ ಹಿಡಿದರು.

"ಇಂಟರೆಸ್ಟಿಂಗ್," ಎಂದರು.

ವಿದ್ಯಾ ನನ್ನ ಕಿವಿಯಲ್ಲಿ ಉಸುರಿದಳು. "ಮಾಮಾ, ಕರೆಂಟು ಹಳಿಯಿಂದ ಗಾಲಿಗೆ ಹೋಗಬೇಕು. ನಿನ್ನೆ ಹಚ್ಚಿದ ತುಪ್ಪ ಚಳಿಗೆ ಗಟ್ಟಿಯಾಗಿ ಅಡ್ಡ ಬಂದೈತಿ."

 ಕಂಡ ಕುರ್ಚಿಯಲ್ಲಿ ಕುಸಿದೆ. ಒಬ್ಬ ಮನುಷ್ಯ ಇಷ್ಟು ವರ್ಷ ಕಾದ ಒಂದು ಗಳಿಗೆಯನ್ನು ನಾವು ಧಾರವಾಡದಿಂದ ವಿಮಾನ ಹತ್ತಿ ಬಂದು ತುಪ್ಪ ಹಚ್ಚಿ ನಿಲ್ಲಿಸಿದ್ದೆವು. ನಮ್ಮೂರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಜನ ಒಳಗೆ ನುಗ್ಗಿ ಹದಿನೈದು ಉಪಾಯ ಹೇಳುತ್ತಿದ್ದರು, ಬೈಯುವವರು ಬೇರೆ. ಇಲ್ಲಿ ಗಡ್ಡದವನು ಹಗ್ಗದ ಬಳಿ ಬಂದು, ತಮಗೆ ತೊಂದರೆಯಾಗದಿದ್ದರೆ ಹಳಿ ಒರೆಸಲು ತನ್ನ ಬಳಿಯ ಒಂದಿಷ್ಟು ಸ್ಪಿರಿಟ್ ಕೊಡಬಹುದೇ ಎಂದು ಕೇಳಿದ. ಆ ಮರ್ಯಾದೆ ನನ್ನನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ನಾನು ಅಕ್ಕನಿಗೆ ಸಂಗತಿ ತಿಳಿಸಿದೆ.

"ಅರಿಷಿಣಕ್ಕ ಯಾವ ಗಾಡಿ ನಿಂತೈತೋ?" ಎಂದಳು. "ಸುತ್ತ ಹಾಕಲಿಲ್ಲ, ಅದಕ್ಕ ನಿಂತೈತಿ."

ಹೇಳಿದವಳೇ ತನ್ನ ಹತ್ತಿಯ ಕರವಸ್ತ್ರವನ್ನು ಪರಪರ ಹರಿದು, ಉಗುರಗಲದ ತುಂಡು ಮಾಡಿ, ಹಳಿ ಒರೆಸಲು ವಿದ್ಯಾಳ ಕೈಗೆ ಕೊಟ್ಟಳು. ಆಮೇಲೆ ಹಗ್ಗ ಎತ್ತಿದಳು. ಸಭಾಂಗಣ ಉಸಿರು ಹಿಡಿಯಿತು. ಅಕ್ಕ ಮೇಗನ್ನರ ಕೈ ಹಿಡಿದಳು.

"ಬರ್ರಿ ಯವ್ವಾ. ನಿಮ್ಮಪ್ಪನ ಸ್ಟೇಷನ್ ಇದು. ನೀವ ಸುತ್ತ ಹಾಕಿದ್ರ ಹೊಂಡತೈತಿ."

"ಇವರು ನನ್ನನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದಾರೆ?" ಎಂದು ಮೇಗನ್ ಕೇಳಿದರು, ಆಗಲೇ ಹೋಗುತ್ತ.

ಬ್ಲೈನ್ ಕುಮ್

ಇಬ್ಬರೂ ಹಗ್ಗದೊಳಗೆ ನಡೆದರು, ಅಕ್ಕ ಮುಂದೆ, ಕೋಲೂರಿಕೊಂಡು ಮೇಗನ್ ಹಿಂದೆ. ಪಾಂಟ್ ಗೋಖ್‌ನ ತುದಿಯನ್ನು ಬಳಸಿ, ಗುಡ್ಡಗಳ ಬೆನ್ನಿನ ಬರಿಯ ಹಲಗೆ ಹಾದು, ಹಿಂಬದಿಯಿಂದ ಬ್ಲೈನ್ ಕುಮ್‌ಗೆ ಬಂದರು. ಅಲ್ಲಿ ಮೇಗನ್ ನಿಂತರು. ಅಕ್ಕ ಎಳೆದಳು, ಅವರು ಕದಲಲಿಲ್ಲ.

ನಾನು ಕುರ್ಚಿಯಿಂದೆದ್ದು ಅವರ ಹಿಂದೆ ಹೋದೆ. ಕಂಡದ್ದನ್ನು ಹೇಳುತ್ತೇನೆ. ಗ್ಯಾರೇಜಿನ ಗೋಡೆಗೆ ಮುಖ ಮಾಡಿ ಯಾರಿಗೂ ಕಾಣದೆ ಇದ್ದ ಆ ಹಿತ್ತಲಿನಲ್ಲಿ ಅಡುಗೆಮನೆಯ ನೀಲಿ ಬಾಗಿಲಿತ್ತು, ಅದರ ಕೆಳಮೂಲೆ ಸವೆದಿತ್ತು. ಕೈಪಂಪು, ಅದರ ಬಾಯಿಗೆ ಸುತ್ತಿದ ಗೋಣಿ. ಕಲ್ಲಿದ್ದಲಿನ ಗೂಡು. ಮೆಟ್ಟಿಲ ಮೇಲೆ ಒಂದೇ ಒಂದು ಬೂಟು. ಅಂಗಳದ ಎರಡು ತುದಿಯಲ್ಲಿ ಎರಡು ಕಂಬ, ಯಾವುದಕ್ಕೂ ಆಧಾರವಾಗದೆ ಸುಮ್ಮನೆ ನಿಂತವು. ಇವು ಯಾವ ಪುಸ್ತಕದಲ್ಲೂ ಇರಲು ಸಾಧ್ಯವಿರಲಿಲ್ಲ. ಫೋಟೋ ತೆಗೆಯುವವರು ಯಾರೂ ಸ್ಟೇಷನ್ನಿನ ಹಿತ್ತಲಿಗೆ ಹೋಗುವುದಿಲ್ಲ.

ಮೇಗನ್ ಬಾಗಿದರು. ಚೀಲ ಎದೆಯಿಂದ ಜಾರಿ ಮೊಳಕೈಗೆ ಬಂತು. ಬೂಟನ್ನು ಮುಟ್ಟಿದರು. ಕಂಬವನ್ನು ಮುಟ್ಟಿದರು.

"ಹಗ್ಗ ಎಲ್ಲಿ?"

"ಯಾವ ಹಗ್ಗ?" ಎಂದರು ಗ್ವಿಲಿಮ್. "ಕಂಬ ನೆನಪಿತ್ತು, ಮೆಗ್. ಅವು ಯಾತಕ್ಕೆ ಅಂತ ಗೊತ್ತಿರಲಿಲ್ಲ. ನಾನು ಅವನ್ನು ಹಿಡಿದು ಗಿರಗಿರ ತಿರುಗುತ್ತಿದ್ದೆ."

"ನೀನು ತಿರುಗುತ್ತಿದ್ದೆ, ತಲೆಸುತ್ತಿ ಬೀಳುತ್ತಿದ್ದೆ. ನಿನ್ನ ತಲೆಯ ಮೇಲೆಯೇ ಅಮ್ಮ ಒಗೆದ ಬಟ್ಟೆ. ಒಂದು ದಿನವಾದರೂ ಮೇಲೆ ನೋಡಿದ್ದರೆ ತಾನೆ!"

ವಿದ್ಯಾ ಅಕ್ಕನಿಗೆ ಎರಡು ಮಾತಲ್ಲಿ ಹೇಳಿದಳು. ಅಕ್ಕ ಡಬ್ಬಿಯಲ್ಲಿ ಬಾಡಿದ ಚೆಂಡುಹೂವಿನ ದಾರ ಬಿಚ್ಚಿ ಕಂಬದಿಂದ ಕಂಬಕ್ಕೆ ಕಟ್ಟಿದಳು. ಹಳಿ ಒರೆಸಿ ಹಳದಿ ಕೆಂಪಾಗಿದ್ದ ಕರವಸ್ತ್ರದ ತುಂಡುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿ ಹಾಕಿದಳು. ಮೇಗನ್ ಆಕೆಯ ಕೈಯನ್ನು ಮೆಲ್ಲಗೆ ಸರಿಸಿ, ದೊಡ್ಡ ತುಂಡುಗಳನ್ನೆಲ್ಲ ಪಂಪಿನ ಕಡೆಗೆ ಬದಲಿಸಿದರು. ಇಬ್ಬರೂ ಹಿಂದೆ ಸರಿದು ನೋಡಿದರು, ಒಗೆದು ಮುಗಿಸಿದವರು ನೋಡುವ ಹಾಗೆ.

"ಸುತ್ತ ಮುಗಸೂಣು ಬರ್ರಿ," ಎಂದಳು ಅಕ್ಕ. ಮುಗಿಸಿದರು. ಗ್ವಿಲಿಮ್ ಎಂಜಿನ್ನನ್ನು ಹಳಿಗಿಟ್ಟು ಗುಂಡಿ ಮುಟ್ಟಿದರು.

ಗಾಡಿ ಹೊರಟಿತು. ಸುತ್ತಿನಿಂದಲೋ ಸ್ಪಿರಿಟ್ಟಿನಿಂದಲೋ ನಾನು ಹೇಳಲಾರೆ, ಎರಡೂ ಆಗಿದ್ದವು. ಸಿಳ್ಳೆ ಹಾಕುತ್ತ ಬ್ಲೈನ್ ಕುಮ್‌ನೊಳಗೆ ಬಂತು. ಕಟ್ಟಡವನ್ನು ದಾಟಿ, ಒಗೆದ ಬಟ್ಟೆಗಳ ಪಕ್ಕದಲ್ಲಿ ನಿಂತಿತು.

ಆಗ ಮೇಗನ್ ಕೋಲು ಎತ್ತಿದರು. ಎಂಜಿನ್ನಿನೊಳಗಿದ್ದ, ಬೆರಳಷ್ಟು ದೊಡ್ಡವನೂ ಅಲ್ಲದ ಬೊಂಬೆ ಡ್ರೈವರನ ಕಡೆ ಅದನ್ನು ಚಾಚಿ, ವೆಲ್ಷ್ ಭಾಷೆಯಲ್ಲಿ, ಬೇರೆಯೇ ಒಂದು ಗಂಟಲಿನಲ್ಲಿ, ಬೈಯತೊಡಗಿದರು. ಉಸಿರು ತೆಗೆದುಕೊಳ್ಳದೆ ಬೈದರು. ಸಭಾಂಗಣದ ಗಂಡಸರು ಲೋಟ ಹಿಡಿದು ನಿಂತಲ್ಲೇ ನಿಂತರು. ಗ್ವಿಲಿಮ್ ಗುಂಡಿಯ ಮೇಲೆ ಕೈಯಿಟ್ಟು ನಗುತ್ತಿದ್ದರು, ಮತ್ತು ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಈ ಸಲ ಮೆಣಸಿನಕಾಯಿ ಇರಲಿಲ್ಲ.

"ಏನಂದರು?" ಎಂದು ನಾನು ಗ್ವಿಲಿಮ್ ಅವರನ್ನು ಕೇಳಹೊರಟೆ. ಅಕ್ಕ ನನ್ನ ತೋಳು ಹಿಡಿದಳು.

"ಅದನ್ನೇನು ಕೇಳತಿ? ಕೋಳಿ ಕೂಗೂಕ್ಕಿಂತ ಮೊದಲ ಎದ್ದು ಕೈ ಸುಲಿಯೂ ಹಂಗ ಒಗದು ಹಾಕೇನಿ, ನಿನ್ನ ಹಾಳ ಗಾಡಿ ಬಂದು ನನ್ನ ಬಿಳಿ ಸೀರಿ ಎಲ್ಲಾ ಮಸಿ ಮಾಡಿತಲ್ಲೋ, ನಾಳೆ ನಿಂದ ಅಂಗಿ ಬಿಚ್ಚಿಸಿಕೊಂಡು ಒಗಸತೇನಿ ಅಂತ ಅವರವ್ವ ಡ್ರೈವರಗ ಬೈತಾಳ."

ಕೇಳಿದ್ದನ್ನೆಲ್ಲ ನಂಬುವವನು ನಾನಲ್ಲ. ಗ್ವಿಲಿಮ್ ಕಣ್ಣೊರೆಸಿಕೊಂಡ ಮೇಲೆ ಪಕ್ಕಕ್ಕೆ ಕರೆದು, ಪದಕ್ಕೆ ಪದ ಇಂಗ್ಲಿಷಿನಲ್ಲಿ ಹೇಳಿಸಿಕೊಂಡೆ. ಅವರು ಹೇಳಿದರು. ನಾನು ಅಕ್ಕನ ಮಾತಿನೊಂದಿಗೆ ಹೋಲಿಸಿ ನೋಡಿದೆ.

ಒಂದೇ ಒಂದು ಕಡೆ ತಪ್ಪಿತ್ತು. ಸೀರೆಯಲ್ಲ, ಬೆಡ್‌ಶೀಟು.